ಮಂಗಳವಾರ ರಜೆ

ತಿಪಟೂರಿನಲ್ಲಿ ನಾನು ಕಟಿಂಗ್ ಮಾಡಿಸುವ ಅಂಗಡಿಯಲ್ಲಿ ಈಗ ಮೂರನೇ ತಲೆಮಾರು ಕತ್ತರಿ ಹಿಡಿದಿದೆ. ಬೋರ್ಡಿನ ಮೇಲಿನ ಹೆಸರು ಅರ್ಧ ಅಳಿಸಿಹೋಗಿದೆ. ಯಾರೂ ಆ ಹೆಸರು ಹೇಳುವುದೂ ಇಲ್ಲ, ಎಲ್ಲರಿಗೂ ಅದು ಯಜಮಾನರ ಅಂಗಡಿ. ಎರಡು ಕುರ್ಚಿ, ಎದುರುಬದುರು ಎರಡು ದೊಡ್ಡ ಕನ್ನಡಿ, ಕಾಯುವವರಿಗೆ ಒಂದು ಮರದ ಬೆಂಚು. ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್, ರಾಜ್‌ಕುಮಾರ್ ಫೋಟೋ, ಸವಿತಾ ಮಹರ್ಷಿ ಪಟ, ಅದರ ಪಕ್ಕ ಹಡಪದ ಅಪ್ಪಣ್ಣನವರದ್ದು. ಅಪ್ಪಣ್ಣ ಅಂದರೆ 12ನೇ ಶತಮಾನದಲ್ಲಿ ಬಸವಣ್ಣನವರ ಹತ್ತಿರವೇ ಇದ್ದ ಶರಣ. ಅವರ ಹೆಂಡತಿ ಲಿಂಗಮ್ಮನೂ ವಚನ ಬರೆದವರು. ಪ್ರತಿ ದಿನ ಬೆಳಿಗ್ಗೆ ಮೊದಲು ಪಟಗಳಿಗೆ ಊದುಬತ್ತಿ, ಆಮೇಲೆ ಕುರ್ಚಿಗೆ ನಮಸ್ಕಾರ, ಆಮೇಲೆ ಗಿರಾಕಿ.

ಬೆಂಗಳೂರಿನಿಂದ ರಜೆಗೆ ಬಂದ ನನ್ನ ಗೆಳೆಯರಿಗೆ ಈ ಅಂಗಡಿ ಕಂಡರೆ ಖುಷಿಯೋ ಖುಷಿ. ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. "ಏನೂ ಬದಲಾಗಿಲ್ಲ ನೋಡು" ಅನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಸ್ವಲ್ಪ ಕಿರಿಕಿರಿ. ಬದಲಾಗಿರುವುದು ಬೇಕಾದಷ್ಟಿದೆ. ಕುರ್ಚಿಯಲ್ಲಿ ಕೂತ ಹತ್ತು ನಿಮಿಷದಲ್ಲಿ ನಮಗೆ ಅದು ಕಾಣುವುದಿಲ್ಲ ಅಷ್ಟೆ.

ಕತ್ತಿಯನ್ನೇ ತಗೊಳ್ಳಿ. ಯಜಮಾನರ ತಂದೆಯ ಕಾಲದಲ್ಲಿ ಮಡಚುವ ಉಕ್ಕಿನ ಕತ್ತಿ ಇತ್ತು. ಅದನ್ನು ಮೊದಲು ಸಾಣೆ ಕಲ್ಲಿಗೆ ಮಸೆದು, ಆಮೇಲೆ ಕುರ್ಚಿಯ ಪಕ್ಕಕ್ಕೆ ನೇತುಹಾಕಿದ ಚರ್ಮದ ಪಟ್ಟಿಗೆ ಆ ಕಡೆ ಈ ಕಡೆ ಉಜ್ಜುತ್ತಿದ್ದರು. ಪಟ್ಟಿಗೆ ಉಜ್ಜುವುದು ಹರಿತ ಮಾಡಲಿಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹರಿತ ಬರುವುದು ಕಲ್ಲಿನಲ್ಲಿ. ಪಟ್ಟಿಯ ಕೆಲಸ ಕಣ್ಣಿಗೆ ಕಾಣದಷ್ಟು ಬಾಗಿದ ಅಂಚನ್ನು ನೇರ ಮಾಡುವುದು. 90ರ ದಶಕದಲ್ಲಿ ಏಡ್ಸ್ ಬಗ್ಗೆ ಎಲ್ಲಾ ಕಡೆ ಪ್ರಚಾರ ಶುರುವಾದ ಮೇಲೆ ಗಿರಾಕಿಗಳು ಕೂತ ತಕ್ಷಣ "ಹೊಸ ಬ್ಲೇಡ್ ಹಾಕಣ್ಣ" ಅನ್ನತೊಡಗಿದರು. ಹೆಪಟೈಟಿಸ್ ಬಿ ಕೂಡ ರಕ್ತದಿಂದ ಹರಡುವ ರೋಗವೇ, ಹಾಗಾಗಿ ಕೇಳಿದ್ದು ಸರಿಯೇ. ಕಲ್ಲು ಮತ್ತು ಪಟ್ಟಿ ಮೂಲೆ ಸೇರಿದವು. ಈಗ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಲಟಕ್ಕನೆ ಎರಡು ಮಾಡಿ, ಅರ್ಧವನ್ನು ಕತ್ತಿಯ ಬಾಯಿಗೆ ಸೇರಿಸುತ್ತಾರೆ. ಗಿರಾಕಿ ಕಣ್ಣೆದುರಿಗೇ ಸೇರಿಸುತ್ತಾರೆ, ಅದು ಯಜಮಾನರ ಶಿಸ್ತು.

ಕೈ ಮಷಿನ್ ಕೂಡ ಹೋಯಿತು, ಅದಕ್ಕೆ ನನಗೇನೂ ಬೇಜಾರಿಲ್ಲ. ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ, ಎರಡು ಹಿಡಿಕೆಯದ್ದು, ಒತ್ತಿದಂತೆಲ್ಲ ಹಲ್ಲುಗಳು ಸರಿದಾಡುತ್ತಿದ್ದವು. ಹರಿತ ಕಡಿಮೆಯಾದರೆ ಕೂದಲು ಕತ್ತರಿಸುತ್ತಿರಲಿಲ್ಲ, ಕೀಳುತ್ತಿತ್ತು! ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು, ಅದರ ಮೇಲೆ ನಮ್ಮನ್ನು ಕೂರಿಸಿ, ತಲೆ ಬಗ್ಗಿಸಿ ಹಿಡಿದು, ಹಿಂದಿನಿಂದ ಅಪ್ಪ "ಶಾರ್ಟಾಗಿ ಹೊಡೀರಿ, ಎರಡು ತಿಂಗಳು ಈ ಕಡೆ ಬರಬಾರದು" ಅನ್ನುತ್ತಿದ್ದರು. ಹಲಗೆ ಮಾತ್ರ ಇನ್ನೂ ಇದೆ.

ಶೇವಿಂಗ್ ಮುಗಿದ ಮೇಲೆ ಪಟಿಕದ ಕಲ್ಲನ್ನು ನೀರಲ್ಲಿ ಅದ್ದಿ ಕೆನ್ನೆಗೆ ಉಜ್ಜುವುದು ಬದಲಾಗಿಲ್ಲ, ಬದಲಾಗುವ ಅಗತ್ಯವೂ ಇಲ್ಲ. ಚರ್ಮ ಬಿಗಿಯಾಗಿ ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ಆದರೆ ಕೊನೆಗೆ ಕತ್ತು ತಿರುಗಿಸಿ ನೆಟಿಕೆ ತೆಗೆಯುವುದು ಬೇಡ ಅಂತ ನಾನೇ ಹೇಳಿಬಿಡುತ್ತೇನೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಕತ್ತನ್ನು ಜೋರಾಗಿ ತಿರುಗಿಸಿದರೆ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಸ್ಟ್ರೋಕ್ ಆಗಬಹುದು, ಡಾಕ್ಟರುಗಳು ಎಚ್ಚರಿಸುತ್ತಲೇ ಇದ್ದಾರೆ. ತಲೆಗೆ ಎಣ್ಣೆ ಹಾಕಿ ತಟ್ಟಿದರೆ ಸಾಕು.

ಮದುವೆ ಸೀಸನ್‌ನಲ್ಲಿ ಒಂದು ಕುರ್ಚಿ ಖಾಲಿ. ಯಜಮಾನರ ತಮ್ಮ ಓಲಗಕ್ಕೆ ಹೋಗಿರುತ್ತಾರೆ. ನಾದಸ್ವರ, ಡೋಲು ನಮ್ಮ ಕಡೆ ಸವಿತಾ ಸಮಾಜದವರಿಗೆ ಮನೆತನದ ವಿದ್ಯೆ. ಅವರು ಬೆಳಿಗ್ಗೆ ಛತ್ರದಲ್ಲಿ ನುಡಿಸಿ, ಸಂಜೆ ಬಂದು ಅದೇ ಬೆರಳಲ್ಲಿ ಕತ್ತರಿ ಆಡಿಸುತ್ತಾರೆ. ಕೂದಲು ಇಲ್ಲದ ಕಡೆಯೂ ಕತ್ತರಿ ಟಿಕ್ ಟಿಕ್ ಅನ್ನುತ್ತಲೇ ಇರುತ್ತದಲ್ಲ, ಅದರಲ್ಲೂ ಒಂದು ತಾಳ ಇದೆ ಅಂತ ನನಗೆ ಅನುಮಾನ.

ಇನ್ನೊಂದು ವಿಷಯ. ಈ ಕಸುಬಿನ ಹಳೆಯ ಕಾಲ ಫೋಟೋದಷ್ಟು ಚೆನ್ನಾಗಿರಲಿಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಬೇಕು, ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ಕೊಟ್ಟಷ್ಟು ಧಾನ್ಯ ಹೊತ್ತು ತರಬೇಕು. ಯಾರ ಜಗುಲಿವರೆಗೆ ಹೋಗಬಹುದು, ಯಾರ ತಲೆ ಮುಟ್ಟಬಹುದು, ಎಲ್ಲವನ್ನೂ ಊರು ತೀರ್ಮಾನ ಮಾಡುತ್ತಿತ್ತು. ಪೇಟೆಯಲ್ಲಿ ಕುರ್ಚಿ ಹಾಕಿ, ಗೋಡೆ ಮೇಲೆ ರೇಟು ಬರೆದದ್ದು ಯಜಮಾನರ ತಂದೆಗೆ ದೊಡ್ಡ ಬಿಡುಗಡೆ. ದುಡ್ಡು ಕೊಟ್ಟವನು ಕೂರುತ್ತಾನೆ, ಅಷ್ಟೇ ಲೆಕ್ಕ. ಎಲ್ಲಾ ಕಡೆ ಈ ಲೆಕ್ಕ ಇನ್ನೂ ನಡೆಯುವುದಿಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತರಿಗೆ ಕಟಿಂಗ್ ಮಾಡಿದ ಅಂತ ಕ್ಷೌರಿಕನಿಗೆ ದಂಡ ಹಾಕಿ ಬಹಿಷ್ಕಾರ ಹಾಕಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಬೆಂಚಿನ ಮೇಲೆ ಅದನ್ನು ಓದಿದ ದಿನ ಯಜಮಾನರು ಒಂದೂ ಮಾತಾಡಲಿಲ್ಲ.

ಅದೇ ವರ್ಷ ಲಾಕ್‌ಡೌನ್. ಮಾರ್ಚ್ ಕೊನೆಯಿಂದ ಬಾಗಿಲು ಬಂದ್. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಎರಡು ಕುರ್ಚಿ ನಂಬಿದ ಮೂರು ಸಂಸಾರಕ್ಕೆ ಅದು ಎಷ್ಟು ದಿನ ಬರುತ್ತದೆ ನೀವೇ ಲೆಕ್ಕ ಹಾಕಿ. ನಾವೆಲ್ಲ ಆಗ ಟ್ರಿಮ್ಮರ್ ತರಿಸಿ ಮನೆಯಲ್ಲೇ ತಲೆ ಬೋಳಿಸಿಕೊಂಡು ನಗುತ್ತಿದ್ದೆವು. ಅಂಗಡಿ ಮತ್ತೆ ತೆರೆದಾಗ ಆ ಟ್ರಿಮ್ಮರ್ ಎಷ್ಟೋ ಮನೆಯಲ್ಲಿ ಉಳಿದುಕೊಂಡಿತು.

ಈಗ ಯಜಮಾನರ ಮಗನಿಗೆ ಎಸಿ ಹಾಕಿಸುವ ಆಸೆ. ಬೆಂಚು ತೆಗೆದು ಸೋಫಾ, ಹಿಂದೆ ತಿರುಗಿ ಒರಗುವ ಹೊಸ ಕುರ್ಚಿ, ಫೇಶಿಯಲ್‌ಗೆ ಒಂದು ಮೂಲೆ. ಹಳೇ ಗಿರಾಕಿಗಳು ವಿರೋಧ. "ಇದರ ಗಮ್ಮತ್ತೇ ಹೋಗುತ್ತೆ ಕಣಪ್ಪ" ಅನ್ನುತ್ತಾರೆ. ಗಮ್ಮತ್ತು ಯಾರಿಗೆ? ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆಯಿಂದ ನಿಂತೇ ಕೆಲಸ ಮಾಡುವವನಿಗೆ ಗಾಳಿ ಬೇಡವೇ? ನಮಗೆ ಹಳೆಯ ಅಂಗಡಿ ಇಷ್ಟವಾಗಲು ಒಂದು ಕಾರಣ ಅದು ಅಗ್ಗ ಅನ್ನುವುದು. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ನಾನು ಮಗನ ಪಕ್ಷ. ಹಲಗೆ, ಪಟಿಕ, ಯಜಮಾನರ ಕೈ, ಇಷ್ಟು ಇದ್ದರೆ ಸೋಫಾ ಬಂದು ಏನು ಕೆಡಿಸೀತು?

ಮೊದಲ ಸಲ ಹೋಗುವವರಿಗೆ: ಮಂಗಳವಾರ ಹೋಗಬೇಡಿ, ಬೀಗ ನೋಡಿ ವಾಪಸ್ ಬರುತ್ತೀರಿ. ಭಾನುವಾರ ಬೆಂಚಿನ ಮೇಲೆ ಜಾಗ ಸಿಗುವುದಿಲ್ಲ. ಬುಧವಾರ ಹನ್ನೊಂದು ಗಂಟೆ ಒಳ್ಳೆಯದು. ಮತ್ತೆ, ಕಟಿಂಗ್ ಈಗ 120. ಮೊನ್ನೆ ತನಕ 100 ಇತ್ತು. ಹೊಸ ರೇಟು ಬರೆದ ದಿನ ತೋಟದ ಯಜಮಾನರೊಬ್ಬರು ಬೋರ್ಡ್ ನೋಡಿ "ಏನ್ರಪ್ಪ, ಏಕ್ದಂ ಇಪ್ಪತ್ತು ರೂಪಾಯಿನಾ?" ಅಂತ ಶುರು ಮಾಡಿದರು. ನಮ್ಮ ಯಜಮಾನರು ಕತ್ತರಿ ನಿಲ್ಲಿಸಲೇ ಇಲ್ಲ. "ಕೊಬ್ಬರಿ ರೇಟು ಏರಿದಾಗ ನಾನು ನಿಮ್ಮನೇನಾದ್ರೂ ಕೇಳಿದ್ನಾ ಗೌಡ್ರೇ?" ಅಂದರು. ಗೌಡರು ನಕ್ಕು ಕುರ್ಚಿಗೆ ಹತ್ತಿದರು, ದಾಡಿಯನ್ನೂ ಮಾಡಿಸಿಕೊಂಡರು.