ತುರ್ತಿನಲ್ಲಿ ನಿಯಮ ಮೀರಿದರೆ ವರದಿ ಕೊಡಲೇಬೇಕಾ?

ಅಮೆರಿಕದಲ್ಲಿ ಡ್ರೋನ್ ಹಾರಿಸುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಸಣ್ಣ ಡ್ರೋನ್‌ಗಳಿಗೆ ಅದು ಮಾಡಿರುವ ನಿಯಮಾವಳಿಯೇ ಪಾರ್ಟ್ 107. ಅದರಲ್ಲಿ ಇದಕ್ಕೆ ಎರಡು ಬೇರೆ ನಿಯಮಗಳಿವೆ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು 107.21. ಹಾರಾಟದ ನಡುವೆ ತಕ್ಷಣ ಏನಾದರೂ ಮಾಡಲೇಬೇಕಾದ ಅಪಾಯ ಬಂದರೆ, ಪೈಲಟ್ ಪಾರ್ಟ್ 107ರ ಯಾವ ನಿಯಮವನ್ನಾದರೂ ಮೀರಬಹುದು. ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟು ಮಾತ್ರ. ಎಫ್‌ಎಎ ಕೇಳಿದರೆ ಬರವಣಿಗೆಯಲ್ಲಿ ವರದಿ ಕೊಡಬೇಕು.

ಒಂದು ಚಾವಣಿಯ ಪರಿಶೀಲನೆ ನಡೆಸುತ್ತಿದ್ದೆವು. ಜೊತೆಗಿದ್ದ ಅಬ್ಸರ್ವರ್ (ಡ್ರೋನ್ ಮತ್ತು ಸುತ್ತಲಿನ ಆಕಾಶದ ಮೇಲೆ ಕಣ್ಣಿಟ್ಟು ಪೈಲಟ್‌ಗೆ ಎಚ್ಚರಿಕೆ ಕೊಡುವವಳು) "ಹೆಲಿಕಾಪ್ಟರ್, ಎಡಗಡೆ!" ಎಂದು ಕೂಗಿದಳು. ಆಂಬ್ಯುಲೆನ್ಸ್ ಹೆಲಿಕಾಪ್ಟರ್ ತೀರಾ ಕೆಳಗೆ, ನಮ್ಮ ಕಡೆಗೇ ಬರುತ್ತಿತ್ತು. ದಾರಿ ಬಿಡಬೇಕಾದದ್ದು ಯಾವಾಗಲೂ ಡ್ರೋನೇ. ನೇರ ಕೆಳಗೆ ಆಂಟೆನಾ, ತಂತಿಗಳು. ಹಾಗಾಗಿ ಪಾರ್ಕಿಂಗ್ ಕಡೆಗೆ ಓರೆಯಾಗಿ ಇಳಿಸಿದೆ. ಅಲ್ಲಿ ಇಬ್ಬರು ಕಾರಿನಿಂದ ಸಾಮಾನು ಇಳಿಸುತ್ತಿದ್ದರು. ಡ್ರೋನ್ ಅವರ ತಲೆಯ ಮೇಲೆ ಹಾದು ಹುಲ್ಲಿನ ಮೇಲೆ ಕೂತಿತು. ಜನರ ಮೇಲೆ ಹಾರಿಸಬಾರದೆಂಬ ನಿಯಮ ಆ ಕೆಲವು ಕ್ಷಣ ಮುರಿದಿತ್ತು. ಹೆಲಿಕಾಪ್ಟರ್ ದಾಟಿದ ಮೇಲೆ ಆ ವಿನಾಯಿತಿ ಮುಗಿಯಿತು. ಅವರಿಬ್ಬರೂ ಹೊರಡುವವರೆಗೆ ಡ್ರೋನ್ ಮೇಲೆತ್ತಲಿಲ್ಲ.

ವರದಿ ಯಾರೂ ಕೇಳಲಿಲ್ಲ. ಆದರೂ ಅವತ್ತೇ ಬರೆದಿಟ್ಟೆ: ಸಮಯ, ಎತ್ತರ, ಗಾಳಿ, ಬ್ಯಾಟರಿ, ಬೇರೆ ದಾರಿ ಯಾಕಿರಲಿಲ್ಲ ಎಂಬುದು. ಅಬ್ಸರ್ವರ್ ತಾನು ಕಂಡದ್ದನ್ನು ತಾನೇ ಬರೆದಳು. ಫ್ಲೈಟ್ ಲಾಗ್ ಕಾಪಿ ಮಾಡಿಟ್ಟೆವು. ತಿಂಗಳುಗಳ ನಂತರ ಪತ್ರ ಬಂದರೆ ಬರೀ ನೆನಪಿನಿಂದ ಉತ್ತರ ಕೊಡೋಕಾಗುತ್ತಾ?

ಎರಡನೆಯದು 107.9. ಇಲ್ಲಿ ಯಾರೂ ಕೇಳುವವರೆಗೆ ಕಾಯುವಂತಿಲ್ಲ. ಯಾರಿಗಾದರೂ ಗಂಭೀರ ಗಾಯವಾದರೆ, ಪ್ರಜ್ಞೆ ತಪ್ಪಿದರೆ, ಅಥವಾ ಡ್ರೋನ್ ಬಿಟ್ಟು ಬೇರೆ ಯಾವುದೇ ಆಸ್ತಿಗೆ 500 ಡಾಲರ್‌ಗಿಂತ ಹೆಚ್ಚು ಹಾನಿಯಾದರೆ 10 ದಿನದೊಳಗೆ ಎಫ್‌ಎಎಗೆ ತಿಳಿಸಬೇಕು. ರಿಪೇರಿಯ ಲೆಕ್ಕದಲ್ಲಿ ಸಾಮಾನಿನ ಜೊತೆ ಕೂಲಿಯೂ ಸೇರುತ್ತದೆ. ಡ್ರೋನಿನ ಸ್ವಂತ ಹಾನಿ ಸೇರುವುದಿಲ್ಲ. ಸಾವಿರಾರು ಡಾಲರಿನ ಡ್ರೋನ್ ಖಾಲಿ ಹೊಲದಲ್ಲಿ ಬಿದ್ದು ಪುಡಿಯಾದರೂ ಈ ವರದಿ ಬೇಡ. ಅಗ್ಗದ ಡ್ರೋನ್ ಕಾರಿನ ಗಾಜು ಒಡೆದು 600 ಡಾಲರ್ ಬಿಲ್ ಬಂದರೆ ಬೇಕು. ತುರ್ತಿನಲ್ಲಿ ಸರಿಯಾಗಿಯೇ ನಡೆದುಕೊಂಡಿದ್ದರೂ ಇದರಿಂದ ವಿನಾಯಿತಿ ಇಲ್ಲ.

ಆ 10 ದಿನಗಳಲ್ಲಿ ಶನಿವಾರ, ಭಾನುವಾರವೂ ಸೇರಿವೆ. ಗ್ಯಾರೇಜಿನವರ ಅಂದಾಜು ಬರಲಿ ಎಂದು ಸುಮ್ನೆ ಕೂತರೆ ಅರ್ಧ ಸಮಯ ಅಲ್ಲೇ ಹೋಗುತ್ತದೆ. ನಮ್ಮ ತಂಡದಲ್ಲಿ ಘಟನೆಯ ಮರುದಿನವೇ ಎಫ್‌ಎಎಯ ವೆಬ್‌ಸೈಟ್ ಡ್ರೋನ್‌ಝೋನ್‌ನಲ್ಲಿ ಹಾಕಬೇಕಾದ ವರದಿಯ ಕರಡು ತಯಾರಿರುತ್ತದೆ.