ಒಂದೇ ಲೆನ್ಸು, ಮೂರು ದಿನದ ದಾರಿ

ಹೊರಡುವ ಮೊದಲೇ ಬ್ಯಾಗು ಹಗುರಾಗಬೇಕು. ಛಾಯಾಚಿತ್ರದಲ್ಲಿ ತನ್ನದೇ ಶೈಲಿ ಹುಡುಕುವ ಈ ಮೂರು ದಿನಕ್ಕೆ ಒಂದು ಕ್ಯಾಮೆರಾ, ಒಂದು 35 ಮಿ.ಮೀ. ಲೆನ್ಸು, ಎರಡು ಬ್ಯಾಟರಿ ಸಾಕು. ಫುಲ್‌ಫ್ರೇಮಿಗಿಂತ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರು) ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ ಇದೇ ನೋಟ 23 ಅಥವಾ 24 ಮಿ.ಮೀ.ನಲ್ಲಿ ಸಿಗುತ್ತದೆ. ಜೂಮ್ ಇದ್ದರೆ ನಿಂತಲ್ಲೇ ಉಂಗುರ ತಿರುಗಿಸುವ ಚಾಳಿ ಬಿಡುವುದಿಲ್ಲ. ಯಾವ ದೂರ ತನಗೆ ಸಹಜ ಎಂಬುದು ತಿಳಿಯುವುದೇ ಇಲ್ಲ. ಶೈಲಿಯ ಮೊದಲ ಗುರುತು ಆ ದೂರ. ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸನ್ ತಮ್ಮ ಬಹುಪಾಲು ಚಿತ್ರಗಳನ್ನು 50 ಮಿ.ಮೀ. ಲೆನ್ಸಿನಲ್ಲೇ ತೆಗೆದರು.

ಮೊದಲ ದಿನ, ಸೂರ್ಯ ಹುಟ್ಟಲು ಅರ್ಧ ಗಂಟೆ ಇರುವಾಗ ಗುಡ್ಡದ ನೆತ್ತಿ. ಕೆಳಗೆ ಕಣಿವೆ ತುಂಬ ಮಂಜು. ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದಿ ಬಣ್ಣವೆಂದೇ ಎಣಿಸುತ್ತದೆ, ಅದನ್ನು ನಂಬಿದರೆ ಮಂಜು ಕೊಳೆಯಾದಂತೆ ಕಾಣುತ್ತದೆ. ಎಕ್ಸ್‌ಪೋಷರನ್ನು +1 ಸ್ಟಾಪಿಗೆ (ಎಂದರೆ ಬೆಳಕು ಇಮ್ಮಡಿ) ಏರಿಸಿದರೆ ಬಿಳುಪು ಮರಳುತ್ತದೆ. −1ಕ್ಕೆ ಇಳಿಸಿದರೆ ಮರಗಳೆಲ್ಲ ಕಪ್ಪು ಗೆರೆಗಳು. ಎರಡೂ ತಪ್ಪಲ್ಲ, ಎರಡನ್ನೂ ತೆಗೆದಿಟ್ಟುಕೊಳ್ಳಬೇಕು. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಮಾತ್ರ ಆಟೋದಲ್ಲಿ ಬಿಡಬಾರದು: ಅದು ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ ಹಾಕಿ, ಮುಂಜಾವದ ನೀಲಿಯನ್ನು ತಿದ್ದಿಬಿಡುತ್ತದೆ. ಹಗಲುಬೆಳಕಿನ ಬಣ್ಣದ ಅಳತೆಯಾದ 5500 ಕೆಲ್ವಿನ್‌ಗೆ ಕಟ್ಟಿಹಾಕಿದರೆ ಬೆಳಕು ನೀಲಿಯಿಂದ ಹೊನ್ನಿಗೆ ಹೊರಳುವುದು ಇದ್ದಹಾಗೇ ದಾಖಲಾಗುತ್ತದೆ.

ಎರಡನೆಯ ದಿನ ಊರಿನ ಕಿರುಬೀದಿ. ಇಲ್ಲಿ ಫೋಕಸ್ ಹುಡುಕುತ್ತ ಕೂತರೆ ಕ್ಷಣ ಜಾರುತ್ತದೆ. ಫುಲ್‌ಫ್ರೇಮಿನ 35 ಮಿ.ಮೀ.ನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟು, ಕೈಯಾರೆ 2.5 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.7ರಿಂದ 4.9 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಶಟರ್ ವೇಗ 1/250 ಸೆಕೆಂಡು ಇರಲಿ; 1/60ಕ್ಕೆ ಬಿಟ್ಟರೆ ನಡೆಯುವವರ ಕಾಲು ಕಲಸಿಹೋಗುತ್ತದೆ. ನೆರಳಿಗೆ ಹೊಕ್ಕಾಗ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಲಿ, ಶಟರ್ ಇಳಿಯದಿರಲಿ. ಜನರ ಮುಖ ತೆಗೆಯುವ ಮುನ್ನ ಒಂದು ಮಾತು ಕೇಳಬೇಕು; ಬೇಡ ಎಂದರೆ ಕ್ಯಾಮೆರಾ ಕೆಳಗೆ.

ಮೂರನೆಯ ದಿನ ಹೊಸ ಜಾಗ ಬೇಡವೇ ಬೇಡ. ನದಿಯ ದಡದ ಒಂದೇ ಮೆಟ್ಟಿಲ ಸಾಲಿಗೆ ಬೆಳಿಗ್ಗೆ, ನಡುಹಗಲು, ಇಳಿಹೊತ್ತು ಮೂರು ಸಲ ಹೋಗಬೇಕು. ಮೊದಲ ಸಲ ಬರುವುದು ಎಲ್ಲರೂ ತೆಗೆದಿರುವ ಚಿತ್ರವೇ. ಮೂರನೆಯ ಸಲ ದೋಣಿ, ದಡ ಎಲ್ಲ ಕಣ್ಣಿಗೆ ಹಳತಾಗಿರುತ್ತವೆ. ಆಗ ಒದ್ದೆ ಕಲ್ಲಿನ ಮೇಲೆ ಬಿದ್ದ ನೆರಳೋ, ಹಗ್ಗದ ಗಂಟೋ ಕರೆಯತೊಡಗುತ್ತದೆ. ಪ್ರವಾಸದ ನಿಜವಾದ ಫಸಲು ಈ ಹೊತ್ತಿನದು.

ಮರಳಿದ ರಾತ್ರಿಯೇ ಆಯ್ಕೆಗೆ ಕೂರಬಾರದು. ಹತ್ತಿದ ದಣಿವು, ಸುಖ ಎರಡೂ ಚಿತ್ರಕ್ಕೆ ಅಂಟಿಕೊಂಡು ಸಾಧಾರಣವಾದದ್ದೂ ಚೆನ್ನಾಗಿ ಕಾಣುತ್ತದೆ. ಎರಡು ವಾರ ಬಿಟ್ಟು ನಲವತ್ತನ್ನು ಆರಿಸಿ, 4×6 ಇಂಚಿನಲ್ಲಿ ಮುದ್ರಿಸಿ ನೆಲದ ಮೇಲೆ ಹರಡಬೇಕು. ಇನ್ನೊಬ್ಬರ ಪ್ರಿಸೆಟ್ಟನ್ನು (ಮೊದಲೇ ಸಿದ್ಧಮಾಡಿಟ್ಟ ಬಣ್ಣದ ಹೊಂದಿಕೆ) ಈಗಲೇ ಹಾಕಿದರೆ ಎಲ್ಲಕ್ಕೂ ಒಂದೇ ಬಣ್ಣ ಬಂದು, ಒಳಗಿನ ಹೋಲಿಕೆ ಮುಚ್ಚಿಹೋಗುತ್ತದೆ. ಹನ್ನೆರಡು ಉಳಿಯುವವರೆಗೆ ತೆಗೆಯುತ್ತ ಹೋಗಿ, ಉಳಿದವುಗಳ ಹಿಂದೆ ಪೆನ್ಸಿಲಿನಲ್ಲಿ ಮೂರು ಸಂಗತಿ ಬರೆಯಬೇಕು: ಎಷ್ಟು ದೂರದಿಂದ, ಬೆಳಕು ಯಾವ ಕಡೆಯಿಂದ, ಫ್ರೇಮಿನಲ್ಲಿ ಎಷ್ಟು ಭಾಗ ಖಾಲಿ. ಏಳೆಂಟು ಚಿತ್ರಗಳ ಹಿಂದೆ ಒಂದೇ ಉತ್ತರ ಕಂಡರೆ ಅದನ್ನು ಚೀಟಿಯಲ್ಲಿ ಬರೆದು, ಮುಂದಿನ ದಾರಿಗೆ ಬ್ಯಾಗಿನ ಮೇಲ್ಜೇಬಿನಲ್ಲಿಡುವುದು.