ಗೆಂಡೆಯ ಕಿವಿರಿನಲ್ಲಿ ಕಂಡ ಬಿಳಿ ಗಂಟು

14 ನವೆಂಬರ್ 2024, ಗುರುವಾರ

ಕೊನೆಗೂ ಡಿಎನ್‌ಎ ಫಲಿತಾಂಶ ಬಂತು. ಬೆಳಗ್ಗೆ ಅದನ್ನು ನೋಡಿದ ಮೇಲೆ ಮಧ್ಯಾಹ್ನದವರೆಗೆ ಬೇರೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಇದು ಶುರುವಾಗಿದ್ದು ಮೂರು ತಿಂಗಳ ಹಿಂದೆ. ಸಾಮಾನ್ಯ ಗೆಂಡೆ ಮೀನಿನ ಕಿವಿರು ಬಿಡಿಸಿ ನೋಡುತ್ತಿದ್ದಾಗ ಕೆಂಪು ಎಳೆಗಳ ನಡುವೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಗಂಟು ಕಂಡಿತು. ಸೂಜಿಯಿಂದ ಚುಚ್ಚಿದೆ, ಹಾಲಿನಂಥ ದ್ರವ ಹೊರಬಂತು. ಒಂದು ಹನಿಯನ್ನು ಸ್ಲೈಡ್ ಮೇಲಿಟ್ಟು 1000 ಪಟ್ಟು ದೊಡ್ಡದು ಮಾಡಿ ನೋಡಿದರೆ ತುಂಬಾ ಸ್ಪೋರ್‌ಗಳು, ಅಂದರೆ ಪರಾವಲಂಬಿಯ ಬೀಜದಂಥ ಕಣಗಳು. ಒಂದೊಂದರ ತುದಿಯಲ್ಲೂ ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚೀಲ. ಇದು ಮೀನಿನ ಮೈಯಲ್ಲಿ ಬೆಳೆಯುವ ಸೂಕ್ಷ್ಮ ಪರಾವಲಂಬಿ ಮಿಕ್ಸೊಬೋಲಸ್ ಅನ್ನುವುದು ಅಲ್ಲೇ ಗೊತ್ತಾಯಿತು. ಆದರೆ ಯಾವ ಮಿಕ್ಸೊಬೋಲಸ್? ಈ ಒಂದು ಕುಲದಲ್ಲೇ 900ಕ್ಕೂ ಜಾಸ್ತಿ ಪ್ರಭೇದಗಳಿಗೆ ಈಗಾಗಲೇ ಹೆಸರಿದೆ.

ಆ ಚೀಲಗಳನ್ನು ಎಷ್ಟು ನೋಡಿದರೂ ನನಗೆ ಸಾಲದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರೆ ಒಳಗೆ ಸುರುಳಿ ಸುತ್ತಿಕೊಂಡಿದ್ದ ದಾರ ಚಿಮ್ಮಿ ಹೊರಬರುತ್ತದೆ. ಜೆಲ್ಲಿ ಮೀನು ಕುಟುಕುವುದೂ ಇಂಥದ್ದೇ ಚೀಲದಿಂದ. ನಿಜಕ್ಕೂ ಇವು ಜೆಲ್ಲಿ ಮೀನಿನ ಬಳಗದವೇ. ಪರಾವಲಂಬಿಗಳಾಗಿ ಬದುಕುತ್ತಾ ಬದುಕುತ್ತಾ ದೇಹವನ್ನು ಕೆಲವೇ ಕೋಶಗಳಷ್ಟಕ್ಕೆ ಇಳಿಸಿಕೊಂಡಿವೆ.

ಮೊದಲು ಅಳತೆ. ಫಾರ್ಮಲಿನ್‌ನಲ್ಲಿಟ್ಟರೆ ಸ್ಪೋರ್ ಕುಗ್ಗಬಹುದು, ಹಾಗಾಗಿ ತಾಜಾ ಇದ್ದಾಗಲೇ 50 ಸ್ಪೋರ್ ಅಳೆದೆ. ಉದ್ದ, ಅಗಲ, ದಪ್ಪ, ಚೀಲದ ಉದ್ದ, ದಾರದ ಸುತ್ತುಗಳು. ದಪ್ಪ ಅಳೆಯುವುದೇ ಕಷ್ಟ. ಸ್ಪೋರ್ ಪಕ್ಕಕ್ಕೆ ಹೊರಳಿ ಅಂಚು ತೋರಿಸುವವರೆಗೆ ಕಾಯಬೇಕು. ಹನಿಗೆ ಇಂಡಿಯಾ ಇಂಕ್ ಬೆರೆಸಿ ನೋಡಿದಾಗ ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಸ್ಪೋರಿನ ಸುತ್ತಲೂ ಒಂದು ತಿಳಿ ಉಂಗುರ. ಅದು ಲೋಳೆಯ ಹೊದಿಕೆ. ಇಂಕ್ ಇಲ್ಲದೆ ನೋಡಿದ್ದರೆ ಅದು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಮಿಕ್ಸೊಬೋಲಸ್ ಕೋಯಿ ಇರಬಹುದಾ ಅಂತ ಮೊದಲು ಅನ್ನಿಸಿತ್ತು. 100 ವರ್ಷಕ್ಕೂ ಹಿಂದೆ ಕೂಡೊ ಅನ್ನುವವರು ಗೆಂಡೆಯ ಕಿವಿರಿನಿಂದಲೇ ಅದನ್ನು ವಿವರಿಸಿದ್ದರು. ಆದರೆ ಅದರ ಸ್ಪೋರ್ ಉದ್ದನೆಯ ಪೇರಳೆಯ ಆಕಾರ, ಉದ್ದ ಸುಮಾರು 14ರಿಂದ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನನ್ನದು ದುಂಡಗಿದೆ, ಸರಾಸರಿ 11 ಮೈಕ್ರಾನ್ ದಾಟುತ್ತಿಲ್ಲ.

ಹಾಗಂತ ಆಕಾರವನ್ನೇ ನಂಬಿ ಕೂರುವಂತಿಲ್ಲ. 1984ರಲ್ಲಿ ವುಲ್ಫ್ ಮತ್ತು ಮಾರ್ಕಿವ್ ಎಂಬ ಸಂಶೋಧಕರು ತೋರಿಸಿಕೊಟ್ಟದ್ದು ನೆನಪಾಗುತ್ತದೆ. ಟ್ರೌಟ್ ಮೀನನ್ನು ಸುತ್ತಿ ಸುತ್ತಿ ಈಜುವಂತೆ ಮಾಡುವ ಮಿಕ್ಸೊಬೋಲಸ್ ಸೆರೆಬ್ರಾಲಿಸ್, ಕೆಸರಿನ ಟ್ಯೂಬಿಫೆಕ್ಸ್ ಹುಳುವಿನೊಳಗೆ ಹೋಗಿ ಪೂರ್ತಿ ಬೇರೆ ರೂಪ ತಾಳುತ್ತದೆ ಅಂತ ಅವರು ಕಂಡುಕೊಂಡರು. ಅಲ್ಲಿಯವರೆಗೆ ಆ ಎರಡು ರೂಪಗಳನ್ನು ಎರಡು ಬೇರೆ ವರ್ಗಗಳಲ್ಲಿ ಇಟ್ಟಿದ್ದರು. ಒಂದೇ ಜೀವಿ, ಎರಡು ವರ್ಗ! ಇದನ್ನು ಓದಿದ ಮೇಲೆ ನನ್ನ ಚಿತ್ರಗಳನ್ನು ನಾನೇ ಎರಡೆರಡು ಸಲ ನೋಡುತ್ತೇನೆ.

ಡಿಎನ್‌ಎ ಬೇಕಾಗಿದ್ದು ಅದಕ್ಕೇ. ಹೋದ ವರ್ಷ ಇಂಥದ್ದೇ ಒಂದು ಗಂಟು ಸಿಕ್ಕಿತ್ತು. ಅದನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟೆ. ಫಾರ್ಮಲಿನ್ ಆಕಾರವನ್ನು ಕಾಪಾಡುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ. ಎರಡು ತಿಂಗಳು ಒದ್ದಾಡಿದರೂ ಓದಬಲ್ಲ ಒಂದು ಸರಣಿಯೂ ಸಿಗಲಿಲ್ಲ. ಆ ಮೀನು ಮತ್ತೆ ಸಿಗುತ್ತದಾ? ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಈ ಸಲ ಡಿಎನ್‌ಎ ಉಳಿಯಲಿ ಅಂತ ಅರ್ಧ ಗಂಟು ಎಥನಾಲ್‌ಗೆ ಹೋಗಿತ್ತು.

ಪ್ರಭೇದಗಳನ್ನು ಹೋಲಿಸಲು ಬಳಸುವ 18ಎಸ್ ಜೀನ್ ಸರಣಿಯನ್ನು, ಡಿಎನ್‌ಎ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲಿ ಹಾಕಿ ಹುಡುಕಿದೆ. ತೀರಾ ಹತ್ತಿರ ಬಂದದ್ದೂ ಶೇ. 95ರಷ್ಟೇ ಹೊಂದಿತು. ಎದೆ ಡವಡವ ಅಂದಿತು. ಮೇಡಂ ಹತ್ತಿರ ಓಡಿದೆ. ಅವರು ಪರದೆ ನೋಡಿ, "ಚೆನ್ನಾಗಿದೆ. ಆದರೆ ಸರಣಿಯೇ ಇಲ್ಲದ ಹಳೆಯ ಪ್ರಭೇದಗಳನ್ನು ಏನು ಮಾಡ್ತೀರಿ?" ಎಂದರು.

ಅದೇ ನಿಜವಾದ ಪ್ರಶ್ನೆ. ಹಿಂದೆ ವಿವರಿಸಿದ ಎಷ್ಟೋ ಪ್ರಭೇದಗಳು ಬರೀ ರೇಖಾಚಿತ್ರ ಮತ್ತು ನಾಲ್ಕು ಅಳತೆಗಳಲ್ಲಿ ಉಳಿದಿವೆ. ಜೆನ್‌ಬ್ಯಾಂಕ್‌ಗೆ ಅವುಗಳ ಗುರುತೇ ಇಲ್ಲ. ನನ್ನದು ಅವುಗಳಲ್ಲಿ ಒಂದಾಗಿರಬಹುದು ಅಲ್ವಾ? ಇಷ್ಟು ಶೇಕಡಾ ಬೇರೆಯಾದರೆ ಹೊಸದು ಅಂತ ಹೇಳುವ ಗೆರೆಯನ್ನೂ ಯಾರೂ ಎಳೆದಿಲ್ಲ. ಹಾಗಾಗಿ ಸಂಜೆಯಿಂದ ಗೆಂಡೆ ಕುಟುಂಬದ ಮೀನುಗಳಲ್ಲಿ ದಾಖಲಾದ ಮಿಕ್ಸೊಬೋಲಸ್‌ಗಳ ಹಳೆಯ ಚಿತ್ರಗಳನ್ನು ಒಂದೊಂದಾಗಿ ನನ್ನ ಚಿತ್ರದ ಪಕ್ಕ ಇಟ್ಟು ನೋಡುತ್ತಿದ್ದೇನೆ. ಅಳತೆ ಹೊಂದಿದರೆ ಚೀಲ ಹೊಂದುವುದಿಲ್ಲ, ಚೀಲ ಹೊಂದಿದರೆ ಅದು ಸಿಕ್ಕಿದ್ದು ಕಿವಿರಿನಲ್ಲಲ್ಲ, ಸ್ನಾಯುವಿನಲ್ಲಿ. 14 ಪ್ರಭೇದ ಮುಗಿದಿವೆ. ಇನ್ನೂ ದೊಡ್ಡ ರಾಶಿಯೇ ಇದೆ.

ಹೊಸದು ಅಂತ ಹೇಳುವುದಾದರೆ ಮಾದರಿ ಸ್ಲೈಡನ್ನು ಸಂಗ್ರಹಾಲಯಕ್ಕೆ ಕೊಡಬೇಕು. ಅದು ಎಲ್ಲಿದೆ ಅಂತ ಲೇಖನದಲ್ಲೇ ಬರೆಯಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ನಾನು ನೋಡಿದ್ದನ್ನೇ ಅವರೂ ನೋಡುವಂತಿರಬೇಕು. ಈ ನಿಯಮ ನನಗೆ ತುಂಬಾ ಇಷ್ಟ.

ಅತ್ಯಂತ ಚೆನ್ನಾಗಿ ಬಂದ ಸ್ಲೈಡನ್ನು ಈಗಲೇ ಬೇರೆ ತೆಗೆದಿಟ್ಟೆ. ಇಂಕ್ ಆದರೆ ಎಥನಾಲ್ ತಾಗಿ ಅಳಿಸಿಹೋಗುತ್ತದೆ, ಅದಕ್ಕೆ ಪೆನ್ಸಿಲಿನಲ್ಲೇ ಬರೆದೆ: ಮೀನಿನ ಹೆಸರು, ಕಿವಿರು, ತಾರೀಕು. ಪ್ರಭೇದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.